ಟ್ರಾಕ್ಟರಿನ ಟೈರು ಮತ್ತು ಸ್ಟೀರಿಂಗಿನ ಹಿಡಿತ

ಕಬ್ಬು ಅರೆಯುವ ಕಾಲ ಬಂತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಹಗಲೂ ರಾತ್ರಿ ಟ್ರಾಕ್ಟರುಗಳ ಓಡಾಟ. ಹಲವು ವರ್ಷಗಳ ಹಿಂದೆ ನಮ್ಮ ಅಣ್ಣನವರ ಟ್ರಾಕ್ಟರು ಕಬ್ಬಿನ ಹೇರಿನೊಂದಿಗೆ ನಾಲೆಯ ಏರಿಯನ್ನು ಹತ್ತುತ್ತಿತ್ತು. ಮಡ್‌ಗಾರ್ಡಿನ ಮೇಲೆ ನಾನು ಕುಳಿತಿದ್ದೆ. ಕೂರಬಾರದ ಜಾಗ ಅದು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಏರಿನ ನಡುವೆ ಅಣ್ಣ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರು. ಮುಂದಿನ ಚಕ್ರಗಳು ಎಡಕ್ಕೆ ತಿರುಗಿದವು. ಆದರೆ ಟ್ರಾಕ್ಟರು ನೇರವಾಗಿಯೇ ನಾಲೆಯ ಕಡೆ ಸಾಗಿತು. ಎಂಜಿನ್ ಹೇಗೋ ನಿಂತುಹೋಗಿ ನಾವು ಉಳಿದೆವು. ಇಳಿದು ನೋಡಿದಾಗ ಮುಂದಿನ ಎರಡು ಟೈರುಗಳು ಬೋಳಾಗಿದ್ದವು. ಹಿಂದಿನ ಟೈರುಗಳು ಮಾತ್ರ ಹೊಸವು.

ಬೇಸಾಯ ಶಾಸ್ತ್ರದವನಾದ ನಾನು ಟೈರಿನ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಸಾಲಿನ ಅಂತರ, ಮಣ್ಣಿನ ಹದ, ಕೆಸರು ಗದ್ದೆ ಇವೆಲ್ಲವೂ ಟೈರಿನ ಆಯ್ಕೆಯನ್ನು ನಿರ್ಧರಿಸುತ್ತವೆ. ಆ ಆಯ್ಕೆ ಹೊಲದಿಂದ ಹೊರಬಂದ ಮೇಲೆ ರಸ್ತೆಯಲ್ಲಿ ಚಾಲಕನ ಪ್ರಾಣದ ಪ್ರಶ್ನೆಯಾಗುತ್ತದೆ.

ಟೈರು ಟ್ರಾಕ್ಟರನ್ನು ತಿರುಗಿಸುವ ಬಗೆ

ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಲ್ಲಿ ಪಶುವೈದ್ಯರು. ಟ್ರಾಕ್ಟರುಗಳು ಮಾತ್ರ ಬಹುಕಾಲ ಕಬ್ಬಿಣದ ಚಕ್ರಗಳಲ್ಲೇ ಓಡಿದವು. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಸಂಸ್ಥೆ ತನ್ನ ‘ಯು’ ಮಾದರಿಯ ಟ್ರಾಕ್ಟರಿಗೆ ಗಾಳಿಯ ಟೈರು ಹಾಕಿದ ಬಳಿಕ ಇದು ಬಳಕೆಗೆ ಬಂದಿತು.

ರಬ್ಬರಿನ ಟೈರು ಬಾಗುವ ವಸ್ತು. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಒಂದು ದಿಕ್ಕಿಗೆ ಮುಖ ಮಾಡುತ್ತದೆ. ಆದರೆ ನೆಲಕ್ಕೆ ತಾಗಿದ ಟೈರಿನ ಭಾಗ ಸ್ವಲ್ಪ ಸೊಟ್ಟಗೆ ಎಳೆಯಲ್ಪಟ್ಟು, ಚಕ್ರ ಮುಖ ಮಾಡಿದ ದಿಕ್ಕಿಗಿಂತ ತುಸು ಬೇರೆ ದಿಕ್ಕಿನಲ್ಲಿ ಉರುಳುತ್ತದೆ. ಈ ಎರಡು ದಿಕ್ಕುಗಳ ನಡುವಿನ ಕೋನಕ್ಕೆ ಜಾರು ಕೋನ ಎನ್ನಬಹುದು. ವಾಹನವನ್ನು ಪಕ್ಕಕ್ಕೆ ತಳ್ಳಿ ತಿರುಗಿಸುವ ಬಲ ಹುಟ್ಟುವುದು ಇದರಿಂದಲೇ. ಮುಂದಿನ ಟೈರುಗಳು ಹಿಂದಿನವುಗಳಿಗಿಂತ ಹೆಚ್ಚು ಜಾರಿದರೆ ವಾಹನ ತಿರುವಿನಲ್ಲಿ ನೇರಕ್ಕೆ ಸಾಗುತ್ತದೆ. ಹಿಂದಿನವು ಹೆಚ್ಚು ಜಾರಿದರೆ ಹಿಂಭಾಗ ಗಿರ್ರನೆ ಹೊರಕ್ಕೆ ತಿರುಗುತ್ತದೆ.

ವೇಗದ ಕಾರುಗಳಿಗೂ ಇದೇ ನಿಯಮ. ಎಂಜಿನ್ ಹಿಂದಕ್ಕಿದ್ದ ಅಮೆರಿಕದ ಷೆವರ್ಲೆ ಕಾರ್ವೇರ್ ಕಾರಿನ ಮೊದಲ ಮಾದರಿಗಳಿಗೆ ತಯಾರಕರು ಮುಂದಿನ ಟೈರಿಗೆ 15 ಪೌಂಡು, ಹಿಂದಿನದಕ್ಕೆ 26 ಪೌಂಡು ಗಾಳಿ ಸೂಚಿಸಿದ್ದರು. ಹಿಂದಿನ ಭಾರ ಹೊರಕ್ಕೆ ಬೀಸದಿರಲೆಂಬುದೇ ಇದರ ಉದ್ದೇಶ. ನಾಲ್ಕಕ್ಕೂ ಒಂದೇ ಗಾಳಿ ತುಂಬಿದರೆ ಈ ಸಮತೋಲ ಕೆಡುತ್ತಿತ್ತು. ಗಾಳಿಯ ಒತ್ತಡವೂ ಸ್ಟೀರಿಂಗಿನ ಒಂದು ಭಾಗವೇ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಮುಂದಿನ ಟೈರು

ಎರಡು ಚಕ್ರ ಚಾಲನೆಯ ಟ್ರಾಕ್ಟರುಗಳಲ್ಲಿ ಮುಂದಿನ ಟೈರಿನ ಸುತ್ತ ಉದ್ದಕ್ಕೂ ಹರಿಯುವ ಏಣುಗಳಿರುತ್ತವೆ, ಸಾಮಾನ್ಯವಾಗಿ ಮೂರು. ಇವು ದೋಣಿಯ ಅಡಿಯ ಹಲಗೆಯಂತೆ ಮಣ್ಣನ್ನು ಕೊಯ್ದು ಹಿಡಿದು ಚಕ್ರ ಪಕ್ಕಕ್ಕೆ ಜಾರದಂತೆ ತಡೆಯುತ್ತವೆ. ನಡುವಿನ ಏಣು ಸವೆದರೆ ಸಡಿಲ ಮಣ್ಣಿನಲ್ಲಿ ಮತ್ತು ಒದ್ದೆ ಎರೆಭೂಮಿಯಲ್ಲಿ ಚಕ್ರ ತಿರುಗಿದರೂ ಟ್ರಾಕ್ಟರು ತಿರುಗುವುದಿಲ್ಲ. ಹಿಂದಿನ ಟೈರು ಸವೆದರೆ ಕೆಲಸ ನಿಧಾನವಾಗುತ್ತದೆ, ಡೀಸೆಲ್ ಪೋಲಾಗುತ್ತದೆ. ಮುಂದಿನದು ಸವೆದರೆ ಹತೋಟಿಯೇ ಹೋಗುತ್ತದೆ. ಆದರೂ ನಮ್ಮ ರೈತರು ದುಬಾರಿಯಾದ ಹಿಂದಿನ ಟೈರನ್ನು ಬದಲಿಸಿ ಅಗ್ಗದ ಮುಂದಿನ ಟೈರನ್ನು ಮರೆಯುವುದುಂಟು.

ಟೈರಿನ ಮೇಲೆ 6.00-16 ಎಂದಿದ್ದರೆ 6 ಅಂಗುಲ ಅಗಲ, 16 ಅಂಗುಲ ವ್ಯಾಸದ ರಿಮ್ಮು ಎಂದರ್ಥ. ಇದಕ್ಕಿಂತ ಅಗಲವಾದ 7.50-16 ಟೈರು ಮೆದು ನೆಲದಲ್ಲಿ ಕಡಿಮೆ ಹೂತುಕೊಳ್ಳುತ್ತದೆ. ಆದರೆ ಪವರ್ ಸ್ಟೀರಿಂಗ್ ಇಲ್ಲದ ಟ್ರಾಕ್ಟರಿನಲ್ಲಿ ತಿರುಗಿಸಲು ಹೆಚ್ಚು ಬಲ ಬೇಕು. ತಯಾರಕರು ಒಪ್ಪಿದ ಅಳತೆಯನ್ನೇ ಹಾಕಿಸಿ. ಒಂದೇ ಅಚ್ಚಿಗೆ ಒಂದು ಹೊಸದು, ಒಂದು ಹಳೆಯದು, ಅಥವಾ ಒಂದು ರೇಡಿಯಲ್, ಒಂದು ಸಾಧಾರಣ ಟೈರು ಹಾಕುವುದು ತಪ್ಪು. ಟ್ರಾಕ್ಟರು ಒಂದೇ ಬದಿಗೆ ಎಳೆಯುತ್ತದೆ.

ಗಾಳಿಯ ಒತ್ತಡ

ಸಾಮಾನ್ಯವಾಗಿ ಹಿಂದಿನ ಟೈರಿಗೆ ಹೊಲದಲ್ಲಿ 12ರಿಂದ 16 ಪೌಂಡು ಸಾಕು. ರಸ್ತೆಯ ಸಾಗಾಣಿಕೆಗೆ ಇದಕ್ಕಿಂತ ಸ್ವಲ್ಪ ಹೆಚ್ಚು. ಮುಂದಿನ ಟೈರಿಗೆ ಇದರ ಎರಡರಷ್ಟು ಬೇಕಾಗುತ್ತದೆ. ನಿಖರ ಅಂಕಿಗಳನ್ನು ನಿಮ್ಮ ಟ್ರಾಕ್ಟರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹೊಲಕ್ಕೆಂದು ಗಾಳಿ ಇಳಿಸಿ ಹಾಗೆಯೇ ಹೇರು ಹೊತ್ತು ರಸ್ತೆಗೆ ಬಂದರೆ ಟೈರಿನ ಪಕ್ಕೆ ಬಾಗಿ ಹಿಂಭಾಗ ತೂಗಾಡುತ್ತದೆ. ಗಾಳಿಯನ್ನು ಟೈರು ತಣ್ಣಗಿರುವಾಗ, ಮಾಪಕದಿಂದಲೇ ಅಳೆಯಬೇಕು. ಕಾಲಿನಿಂದ ಒದ್ದು ನೋಡುವುದು ಪರೀಕ್ಷೆಯಲ್ಲ.

ಮುಂದಿನ ಚಕ್ರದ ಮೇಲಿನ ಭಾರ

ಎಷ್ಟೇ ಒಳ್ಳೆಯ ಟೈರಾದರೂ ಅದರ ಮೇಲೆ ಭಾರವಿಲ್ಲದಿದ್ದರೆ ಹಿಡಿತವಿಲ್ಲ. ಟ್ರಾಕ್ಟರಿನ ಚಕ್ರಗಳ ಮೇಲಿರುವ ಒಟ್ಟು ಭಾರದಲ್ಲಿ ನೂರಕ್ಕೆ 20 ಭಾಗವಾದರೂ ಮುಂದಿನ ಚಕ್ರಗಳ ಮೇಲಿರಬೇಕೆಂಬುದು ಸಾಮಾನ್ಯ ನಿಯಮ. ಒಂದು ಲೆಕ್ಕ ನೋಡೋಣ.

ಟ್ರಾಕ್ಟರಿನ ತೂಕ 2000 ಕಿಲೋ, ಮುಂದಿನ ಹಿಂದಿನ ಅಚ್ಚುಗಳ ಅಂತರ 2 ಮೀಟರು, ಮುಂದಿನ ಚಕ್ರಗಳ ಮೇಲೆ 700 ಕಿಲೋ ಎಂದಿಟ್ಟುಕೊಳ್ಳಿ. ಹಿಂದಿನ ಅಚ್ಚಿನಿಂದ 0.7 ಮೀಟರು ಹಿಂದಿರುವ ಕೊಂಡಿಯ ಮೇಲೆ ಎರಡು ಚಕ್ರದ ಟ್ರೇಲರು 500 ಕಿಲೋ ಭಾರ ಹೇರಿದರೆ, ತಕ್ಕಡಿಯ ನ್ಯಾಯದಂತೆ ಮುಂದಿನ ಭಾರ 175 ಕಿಲೋ ಇಳಿದು 525 ಆಗುತ್ತದೆ. ನೂರು ಅಡಿಗೆ ಎಂಟು ಅಡಿ ಏರುವ ದಾರಿಯಲ್ಲಿ 6 ಟನ್ನಿನ ಟ್ರೇಲರನ್ನು ಎಳೆಯಲು ಸುಮಾರು 600 ಕಿಲೋ ಎಳೆತ ಬೇಕು. ಕೊಂಡಿ ನೆಲದಿಂದ 0.45 ಮೀಟರು ಎತ್ತರದಲ್ಲಿದ್ದರೆ ಈ ಎಳೆತ ಮುಂದಿನಿಂದ ಇನ್ನೂ 135 ಕಿಲೋ ಕಸಿಯುತ್ತದೆ, ಉಳಿದದ್ದು 390. ಚಕ್ರಗಳ ಮೇಲಿನ ಒಟ್ಟು ಭಾರ 2500 ಕಿಲೋ. ಅಂದರೆ ಮುಂದೆ ನೂರಕ್ಕೆ 16ಕ್ಕಿಂತ ಕಡಿಮೆ. ಕೊಂಡಿಯನ್ನು 0.9 ಮೀಟರು ಎತ್ತರಕ್ಕೆ ಕಟ್ಟಿದರೆ ಉಳಿಯುವುದು 255 ಕಿಲೋ, ನೂರಕ್ಕೆ 10. ಏರಿನಲ್ಲಿ ಟ್ರಾಕ್ಟರಿನ ತೂಕವೇ ಹಿಂದಕ್ಕೆ ವಾಲುವುದನ್ನು ನಾವಿಲ್ಲಿ ಸೇರಿಸಿಲ್ಲ. ಇಂಥ ಸ್ಥಿತಿಯಲ್ಲಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಟ್ರಾಕ್ಟರು ಕುದುರೆಯಂತೆ ಮುಂಗಾಲೆತ್ತುತ್ತದೆ. ಆದ್ದರಿಂದ ಕೊಂಡಿಯನ್ನು ತಯಾರಕರು ಕೊಟ್ಟ ಜಾಗಕ್ಕಿಂತ ಎತ್ತರಕ್ಕೆ ಎಂದೂ ಕಟ್ಟಬಾರದು.

ಹಿಂದಿನ ಟೈರಿನಲ್ಲಿ ಮುಕ್ಕಾಲು ಭಾಗ ನೀರು ತುಂಬುವ ಪದ್ಧತಿ ನಮ್ಮಲ್ಲಿದೆ. 13.6-28 ಅಳತೆಯ ಒಂದು ಟೈರು 150ರಿಂದ 200 ಲೀಟರು ನೀರು ಹಿಡಿಯುತ್ತದೆ. ಉಳುಮೆಯಲ್ಲಿ ಇದರಿಂದ ಜಾರುವಿಕೆ ಕಡಿಮೆಯಾಗುವುದು ನಿಜ. ಆದರೆ ಮುಂದಿನ ಹಿಡಿತಕ್ಕೆ ಇದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಮೊದಲು ಜಾರಿ ನಿಲ್ಲುತ್ತಿದ್ದ ಹಿಂದಿನ ಚಕ್ರ ಈಗ ಕಚ್ಚಿ ಹಿಡಿಯುವುದರಿಂದ ಮುಂದಿನ ಚಕ್ರ ಏಳುವ ಸಂಭವ ಹೆಚ್ಚುತ್ತದೆ. ಹಿಂದೆ ನೀರು ತುಂಬಿಸಿದವರು ಮುಂದೆ ಕಬ್ಬಿಣದ ತೂಕಗಳನ್ನೂ ಹಾಕಿಸಬೇಕು. ಮುಂದಿನ ಅಚ್ಚಿಗಿಂತ 0.6 ಮೀಟರು ಮುಂದೆ ತೂಗಿದ 100 ಕಿಲೋ, ಮೇಲಿನ ಟ್ರಾಕ್ಟರಿನಲ್ಲಿ ಮುಂದಿನ ಚಕ್ರಗಳಿಗೆ 130 ಕಿಲೋ ಭಾರ ಕೊಡುತ್ತದೆ.

ಪವರ್ ಸ್ಟೀರಿಂಗ್ ಇರುವವರು ಇನ್ನಷ್ಟು ಎಚ್ಚರವಾಗಿರಬೇಕು. ಹಳೆಯ ಟ್ರಾಕ್ಟರಿನಲ್ಲಿ ಸ್ಟೀರಿಂಗ್ ಹಗುರವಾದರೆ ಕೈಗೆ ತಿಳಿಯುತ್ತಿತ್ತು. ಈಗ ಅದು ಯಾವಾಗಲೂ ಹಗುರವೇ.

ಹಿಂದಿನ ಟೈರು ಮತ್ತು ನಾಲ್ಕು ಚಕ್ರ ಚಾಲನೆ

ಉಳುಮೆ ಮತ್ತು ಸಾಗಾಣಿಕೆ ಎರಡಕ್ಕೂ ಆರ್-1 ನಮೂನೆಯ ಸಾಧಾರಣ ಏಣಿನ ಟೈರು ಹೊಂದುತ್ತದೆ. ಕೆಸರು ಗದ್ದೆಗೆ ಸುಮಾರು ಎರಡರಷ್ಟು ಎತ್ತರದ ಏಣುಗಳ ಆರ್-2 ಟೈರು ಉತ್ತಮ. ಆದರೆ ಗಟ್ಟಿ ರಸ್ತೆಯಲ್ಲಿ ಈ ಏಣುಗಳು ಬಾಗಿ ಅದುರುತ್ತವೆ, ಬೇಗ ಸವೆಯುತ್ತವೆ. ವರ್ಷದ ಹೆಚ್ಚು ದಿನ ಹೇರು ಎಳೆಯುವವರು ಇದನ್ನು ಕೊಳ್ಳಬಾರದು.

ನಾಲ್ಕು ಚಕ್ರ ಚಾಲನೆಯ ಟ್ರಾಕ್ಟರಿನಲ್ಲಿ ಮುಂದಿನ ಟೈರುಗಳು ಹಿಂದಿನವುಗಳಿಗಿಂತ ತುಸು ವೇಗವಾಗಿ ಉರುಳುವಂತೆ ಗೇರುಗಳನ್ನು ಹೊಂದಿಸಿರುತ್ತಾರೆ. ಹಿಂದಿನದನ್ನು ಮಾತ್ರ ಬೇರೆ ಅಳತೆಗೆ ಬದಲಿಸಿದರೆ ಈ ಹೊಂದಿಕೆ ಕೆಟ್ಟು ಗೇರುಗಳು ಬಿಗಿಯುತ್ತವೆ, ಸ್ಟೀರಿಂಗ್ ಜಗ್ಗುತ್ತದೆ. ಗಟ್ಟಿ ರಸ್ತೆಯಲ್ಲಿ ಮುಂದಿನ ಚಾಲನೆಯನ್ನು ಬಿಡಿಸಿಯೇ ಓಡಿಸಬೇಕು.

ಚಕ್ರಗಳ ಅಗಲ

60 ಸೆಂಟಿಮೀಟರು ಸಾಲಿನ ಮೆಕ್ಕೆಜೋಳದಲ್ಲಿ ಎಡೆ ಹೊಡೆಯಲು ಎಡಬಲ ಚಕ್ರಗಳ ಅಂತರವನ್ನು 120 ಸೆಂಟಿಮೀಟರಿಗೆ ಇಳಿಸುವುದುಂಟು. ಬೆಳೆಗೆ ಅದು ಸರಿ. ಆದರೆ ಅಂತರ ಕಡಿಮೆಯಾದಷ್ಟೂ ಟ್ರಾಕ್ಟರು ಪಕ್ಕಕ್ಕೆ ಮಗುಚುವ ಭಯ ಹೆಚ್ಚು. ಎಡೆ ಹೊಡೆಯುವ ಕೆಲಸ ಮುಗಿದೊಡನೆ ಚಕ್ರಗಳನ್ನು ಮತ್ತೆ ಅಗಲಕ್ಕೆ ಹೊಂದಿಸಿಯೇ ಹೇರು ಕಟ್ಟಿರಿ.

ನೆನಪಿಡಬೇಕಾದ ಅಂಶಗಳು

1. ಮುಂದಿನ ಟೈರಿನ ನಡು ಏಣು ಸವೆದೊಡನೆ ಎರಡೂ ಟೈರುಗಳನ್ನು ಒಟ್ಟಿಗೆ ಬದಲಿಸಿ.
2. ಹೊಲದಿಂದ ರಸ್ತೆಗೆ ಬರುವ ಮುನ್ನ ಗಾಳಿ ಸರಿಪಡಿಸಿ. ಎಡಬಲ ಬ್ರೇಕುಗಳನ್ನು ಒಂದಕ್ಕೊಂದು ಕೂಡಿಸಿ ಬೀಗ ಹಾಕಿ.
3. ಸಕ್ಕರೆ ಕಾರ್ಖಾನೆಯ ಅಥವಾ ಮಾರುಕಟ್ಟೆಯ ತೂಕದ ಸೇತುವೆಯಲ್ಲಿ ಉಪಕರಣ ಎತ್ತಿದ ಸ್ಥಿತಿಯಲ್ಲಿ ಮೊದಲು ಮುಂದಿನ ಚಕ್ರಗಳನ್ನಷ್ಟೇ, ಆಮೇಲೆ ಇಡೀ ಟ್ರಾಕ್ಟರನ್ನು ತೂಗಿಸಿ. ಮುಂದಿನದು ಐದರಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೆ ಮುಂದೆ ತೂಕ ಹಾಕಿಸಿ.
4. ಎರಡು ಚಕ್ರದ ಟ್ರೇಲರಿನಲ್ಲಿ ಭಾರವನ್ನು ಕೊಂಡಿಯ ಕಡೆಗೇ ಪೇರಿಸಬೇಡಿ.
5. ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸಬೇಡಿ.

ಅಣ್ಣನವರು ಮರುದಿನವೇ ಪೇಟೆಗೆ ಹೋಗಿ ಮುಂದಿನ ಎರಡು ಟೈರು ತಂದರು. ಒಂದು ಹೇರು ಕಬ್ಬಿನ ಹಣವೂ ಅದಕ್ಕೆ ಬೇಕಾಗಲಿಲ್ಲ. ರೈತ ಬಾಂಧವರು ಈ ಹಂಗಾಮು ಪ್ರಾರಂಭವಾಗುವ ಮೊದಲೇ ಟ್ರಾಕ್ಟರಿನ ಮುಂದೆ ಕುಳಿತು ಆ ಏಣುಗಳನ್ನೊಮ್ಮೆ ಕೈಯಿಂದ ಮುಟ್ಟಿ ನೋಡಬೇಕು.