ಜಾಲತಾಣದ ಹಾಜರಿ ಪುಸ್ತಕ

ನಮ್ಮ ವಾಚನಾಲಯದ ಬಾಗಿಲಲ್ಲಿ ಹಾಜರಿ ಪುಸ್ತಕವೊಂದಿದೆ. ಬಂದವರು ರುಜು ಹಾಕುತ್ತಾರೆ. ರುಜು ಹಾಕಿದವರೆಲ್ಲ ಓದಿದರೆಂದು ಹೇಳುವಂತಿಲ್ಲ. ಫ್ಯಾನಿನ ಕೆಳಗೆ ಅರ್ಧ ಗಂಟೆ ದಣಿವಾರಿಸಿಕೊಂಡು ಹೋದವರೂ ಅದರಲ್ಲಿದ್ದಾರೆ. (ಅವರಿಗೂ ಸ್ವಾಗತವೇ.) ಜಾಲತಾಣಗಳಿಗೂ ಇಂಥ ಪುಸ್ತಕಗಳುಂಟು. ಗೂಗಲ್ ಕಂಪನಿಯು ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, 2005ರಲ್ಲಿ ಬಿಟ್ಟಿಯಾಗಿ ತೆರೆದಿಟ್ಟ 'ಗೂಗಲ್ ಅನಲಿಟಿಕ್ಸ್' ಅವುಗಳಲ್ಲೊಂದು. ಕಂಪನಿಗಳ ಸಾರ್ವಜನಿಕ ಸಂಪರ್ಕಾಧಿಕಾರಿಗಳು ಇಂಥದನ್ನು ದಿನವೂ ತಿರುವಿ ನೋಡುತ್ತಾರೆ. ನಾವೂ ನೋಡಿದೆವು, ಆದರೆ ತಡವಾಗಿ.

ಕಳೆದ ವರ್ಷ ವಿದ್ಯಾರ್ಥಿ ವೇತನದ ಪ್ರಕಟಣೆಯನ್ನು ನಮ್ಮ ಜಾಲತಾಣದಲ್ಲಿ ಹಾಕಿದ್ದೆವು. ನೋಡಿದವರ ಸಂಖ್ಯೆ ದಿನೇ ದಿನೇ ಏರಿತು. ಕಾರ್ಯಕಾರಿ ಸಭೆಯಲ್ಲಿ ಅದನ್ನೇ ಹೆಮ್ಮೆಯಿಂದ ಓದಿದೆವು. ಗಡುವು ಮುಗಿದಾಗ ಬಂದ ಅರ್ಜಿಗಳು ಬೆರಳೆಣಿಕೆಯಷ್ಟು. ಆಮೇಲೆ ಲೆಕ್ಕವನ್ನು ಬಿಡಿಸಿ ನೋಡಿದರೆ, ಬಹುಪಾಲು ಜನ ಮೊಬೈಲಿನಲ್ಲಿ ತೆರೆದು ಕೆಲವೇ ಸೆಕೆಂಡುಗಳಲ್ಲಿ ಮುಚ್ಚಿದ್ದರು. ಅರ್ಜಿ ನಮೂನೆಯವರೆಗೆ ಹೋದವರೇ ಕಡಿಮೆ. ನಾವು ಟೈಪು ಮಾಡಿದ ಹಾಳೆಯ ಫೋಟೋ ಹಾಕಿದ್ದೆವು. ಚಿಕ್ಕ ಪರದೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತಿದ್ದವು. ತಪ್ಪು ನಮ್ಮದೇ. ಎಷ್ಟು ಮಕ್ಕಳಿಗೆ ಫೀಸಿನ ಹಣ ಕೈತಪ್ಪಿತೋ, ಆ ಅಂಕಿ ಯಾವ ಪುಸ್ತಕದಲ್ಲೂ ಇಲ್ಲ.

ಈ ಲೆಕ್ಕ ಎಣಿಸುವುದು ಹೆಚ್ಚಾಗಿ ಯಂತ್ರಗಳನ್ನು. ಒಬ್ಬರೇ ಮೊಬೈಲಿನಲ್ಲೊಮ್ಮೆ, ಕಚೇರಿಯ ಕಂಪ್ಯೂಟರಿನಲ್ಲೊಮ್ಮೆ ನೋಡಿದರೆ ಇಬ್ಬರೆಂದು ದಾಖಲಾಗಬಹುದು. ಚಾಳಿನ ಖೋಲಿಯಲ್ಲಿ ನಾಲ್ವರು ಒಂದೇ ಮೊಬೈಲಿನಲ್ಲಿ ಓದಿದರೆ ಒಬ್ಬರು! ಊರಿನ ಹೆಸರೂ ಅಂದಾಜೇ. ಡೊಂಬಿವಲಿಯವರು ಮುಂಬಯಿಯವರಾಗಿ ಕಾಣಬಹುದು. ಈಗಿನ ಗೂಗಲ್ ಲೆಕ್ಕದಲ್ಲಿ 10 ಸೆಕೆಂಡಿಗಿಂತ ಹೆಚ್ಚು ನಿಂತರೆ, ಇಲ್ಲವೇ ಎರಡು ಪುಟ ನೋಡಿದರೆ, ಮನಸ್ಸಿಟ್ಟ ಭೇಟಿಯೆಂದು ಹಿಡಿಯುತ್ತಾರೆ. ಹತ್ತು ಸೆಕೆಂಡಿನಲ್ಲಿ ಏನು ಓದಿಯಾರು?

ಉಪಯೋಗಕ್ಕೆ ಬಂದದ್ದು ಕೊಂಡಿಯ ಬಾಲಕ್ಕೆ ಗುರುತು ಕಟ್ಟುವ ಉಪಾಯ. ವಾಟ್ಸಾಪಿಗೆ ಒಂದು ಗುರುತು, ಗೋಡೆಗೆ ಅಂಟಿಸಿದ ಕ್ಯೂಆರ್ ಚೌಕಕ್ಕೆ ಇನ್ನೊಂದು. ಯಾವ ದಾರಿಯಿಂದ ಜನ ಬಂದರೆಂಬುದು ಆಗ ತಿಳಿಯುತ್ತದೆ. ಅದನ್ನು ಯುಟಿಎಂ ಎನ್ನುತ್ತಾರೆ; ಅದರ ಮೊದಲಕ್ಷರ ಆ ಹಳೆಯ ಅರ್ಚಿನ್ ಕಂಪನಿಯದೇ.

ಹಿಂದೆ ಪತ್ರಿಕೆಯಲ್ಲಿ ಬಂದ ಸುದ್ದಿಯ ಅಂಗುಲ ಅಳೆದು, ಜಾಹೀರಾತಿನ ದರ ಕಟ್ಟಿ, ಪ್ರಚಾರದಿಂದ ಇಷ್ಟು ಲಾಭವಾಯಿತೆಂದು ತೋರಿಸುವ ಪದ್ಧತಿಯಿತ್ತು. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಈ ಕಸುಬಿನವರು ಅದನ್ನು ಒಪ್ಪಲಾಗದೆಂದು, ಜನರಲ್ಲಿ ಆದ ಪರಿಣಾಮವನ್ನು ಅಳೆಯಬೇಕೆಂದು ನಿರ್ಣಯಿಸಿದರು. ನಮಗೆ ಪರಿಣಾಮವೆಂದರೆ ತುಂಬಿ ಬಂದ ಅರ್ಜಿ.

ಈ ಸಲದ ಪ್ರಕಟಣೆಯನ್ನು ದೊಡ್ಡ ಅಕ್ಷರಗಳಲ್ಲೇ ಹಾಕಿದ್ದೇವೆ. ನಮೂನೆಯನ್ನು ಎಷ್ಟು ಮಂದಿ ಇಳಿಸಿಕೊಂಡರೆಂದು ಪ್ರತಿ ಭಾನುವಾರ ನೋಡುತ್ತಿದ್ದೇವೆ. ನಿಮ್ಮ ಮೊಬೈಲಿನಲ್ಲಿ ತೆರೆಯದಿದ್ದರೆ ದಯವಿಟ್ಟು ವಾಚನಾಲಯಕ್ಕೆ ಬಂದು ತಿಳಿಸಿರಿ. ಕಾಗದದ ನಮೂನೆಗಳೂ ಇವೆ.