ಚಕ್ರದ ಮೇಲೆ ಮನೆ, ಟ್ಯಾಂಕಿನಲ್ಲಿ ನೀರು

ಮಕ್ಕಳು ಗೂಡು ಬಿಟ್ಟಾಯಿತು, ನೌಕರಿಯೂ ಮುಗಿಯಿತು. ಇನ್ನೇನು ಮಾಡುವುದು? ಅಮೆರಿಕದ ಎಷ್ಟೋ ನಿವೃತ್ತ ದಂಪತಿಗಳು ಮೋಟರ್‌ಹೋಮ್ ಏರುತ್ತಾರೆ. ಹಾಸಿಗೆ, ಒಲೆ, ಬಚ್ಚಲು ಎಲ್ಲವನ್ನೂ ಹೊತ್ತ ಈ ಚಕ್ರದ ಮೇಲಿನ ಮನೆ ಯೂಟಾ, ಅರಿಜೋನಾಗಳ ಮರುಭೂಮಿಯತ್ತ, ಅಲ್ಲಿನ ಆಳ ಕಮರಿಗಳತ್ತ ಹೊರಡುತ್ತದೆ. ಒಬ್ಬರು ಸ್ಟಿಯರಿಂಗ್ ಹಿಡಿದರೆ ಇನ್ನೊಬ್ಬರ ಮಡಿಲಲ್ಲಿ ನಕ್ಷೆ. 62 ತುಂಬಿದ ಪ್ರಜೆಗಳಿಗೆ ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಜೀವನಪೂರ್ತಿ ಪಾಸೂ ಉಂಟು.

ಮನೆಯೇನೋ ಜೊತೆಗಿದೆ, ಬಾವಿ ಜೊತೆಗಿಲ್ಲ! ಉದ್ಯಾನಗಳ ಹಲವು ಶಿಬಿರತಾಣಗಳಲ್ಲಿ ವಾಹನಕ್ಕೆ ನೀರಿನ ಕೊಳವೆ ಜೋಡಿಸುವ ಸೌಕರ್ಯವಿಲ್ಲ. ಟ್ಯಾಂಕಿನಲ್ಲಿ ತುಂಬಿಕೊಂಡಷ್ಟೇ ನೀರು. ಸ್ನಾನಕ್ಕೂ ಲೆಕ್ಕ, ಪಾತ್ರೆ ತೊಳೆಯಲೂ ಲೆಕ್ಕ.

ಸೋಜಿಗವೆಂದರೆ, ಈ ಒಣ ನಾಡನ್ನು ಕೆತ್ತಿದ ಶಿಲ್ಪಿ ನೀರೇ. ಸುಮಾರು 1.6 ಕಿ.ಮೀ. ಆಳದ ಗ್ರ್ಯಾಂಡ್ ಕ್ಯಾನ್ಯನ್ ಕೊಲೊರಾಡೊ ನದಿ ಕೊರೆದದ್ದು. ಬ್ರೈಸ್ ಕ್ಯಾನ್ಯನ್‌ನಲ್ಲಿ ಬಿರುಕಿಗಿಳಿದ ನೀರು ಚಳಿಯ ರಾತ್ರಿಗಳಲ್ಲಿ ಹೆಪ್ಪುಗಟ್ಟಿ, ಹಿಗ್ಗಿ ಬಂಡೆಯನ್ನು ಸೀಳುತ್ತದೆ. ಅಲ್ಲಿನ ಕೆಂಪು ಕಲ್ಲುಕಂಬಗಳ ಕಾಡು ಮೂಡಿದ್ದು ಹೀಗೆ.

ಜಿಯಾನ್ ಉದ್ಯಾನದ ನ್ಯಾರೋಸ್ ಕಮರಿಯಲ್ಲಿ ನದಿಯೇ ನಡೆಯುವ ದಾರಿ. ಎಲ್ಲೋ ದೂರದಲ್ಲಿ ಸುರಿದ ಮಳೆ ಇಲ್ಲಿ ದಿಢೀರನೆ ಪ್ರವಾಹವಾಗಿ ನುಗ್ಗಬಲ್ಲದು. ಇಕ್ಕೆಲಗಳಲ್ಲೂ ಕಡಿದಾದ ಗೋಡೆ, ಓಡಲು ಜಾಗವಿಲ್ಲ. ಪ್ರವಾಹದ ಮುನ್ಸೂಚನೆ ಓದಿ, ತಮ್ಮ ಮಂಡಿಗಳ ಮಾತನ್ನೂ ಕೇಳಿ, ಅಷ್ಟು ದೂರ ಬಂದವರು ಹಿಂದಿರುಗುವುದುಂಟು. ಬೇಸರವಾಗದಿರದು. ಆದರೆ ಸಂಜೆ ಟ್ಯಾಂಕಿನ ನೀರಿನಲ್ಲಿ ಕಾಫಿ ಕಾಯಿಸಿದಾಗ, ತುಂಬಬೇಕಾದದ್ದು ಎರಡು ಲೋಟ. ಆ ಎರಡನೆಯ ಲೋಟಕ್ಕಿಂತ ದೊಡ್ಡ ನೋಟ ಯಾವ ಕಮರಿಯಲ್ಲಿದೆ?