ಬೇರು ಬಂದ ಮೇಲೂ ಬರ್ಚ್ ಕಡ್ಡಿ ಯಾಕೆ ಸಾಯುತ್ತೆ?

ಇವತ್ತಿನ ಸಂಚಿಕೆ ಶುರುವಾಗೋದು ಮ್ಯಾಂಚೆಸ್ಟರ್‌ನಿಂದ ಬಂದ ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದ ಕೇಳುಗರ ಬಾಡಿಗೆ ಮನೆ ಹಿತ್ತಲಲ್ಲಿ ಒಂದು ಸಿಲ್ವರ್ ಬರ್ಚ್ ಮರ ಇದೆ. ಬೆಳ್ಳನೆ ತೊಗಟೆಯ ಮರ. ಅವರ ಮಗಳು ನಡೆಯೋಕೆ ಕಲಿತಿದ್ದು ಅದರ ಕೆಳಗೇ. ಈ ಅಕ್ಟೋಬರ್‌ನಲ್ಲಿ ಮನೆ ಖಾಲಿ ಮಾಡ್ಬೇಕು. ಆ ಮರದ ಕಡ್ಡಿಯಿಂದ ಒಂದು ಬೋನ್ಸಾಯ್ ಮಾಡಿ ಜೊತೆಗೆ ಒಯ್ಯೋ ಆಸೆ. ಕಳೆದ ವರ್ಷ ಹತ್ತು ಕಡ್ಡಿ ನೆಟ್ಟಿದ್ರು, ನಾಲ್ಕಕ್ಕೆ ಬೇರು ಬಂತು. ಖುಷಿಯಲ್ಲಿ ಸೆಪ್ಟೆಂಬರ್‌ನಲ್ಲೇ ಒಂದೊಂದನ್ನೂ ಬೇರೆ ಕುಂಡಕ್ಕೆ ಹಾಕಿದ್ರು. ಮಾರ್ಚ್ ಹೊತ್ತಿಗೆ ನಾಲ್ಕೂ ಒಣಗಿದ್ವು.

ನಾವು ನುಗ್ಗೆ ಕೊಂಬೆ, ದಾಸವಾಳದ ಕಡ್ಡಿ ಚುಚ್ಚಿ ಮರೆತುಬಿಡೋ ಜನ. ಬೇರು ಬಂತು ಅಂದ್ರೆ ಕೆಲಸ ಮುಗೀತು. ಬರ್ಚ್‌ನಲ್ಲಿ ಹಾಗಲ್ಲ. ಅದು ಚಳಿನಾಡಿನ ಮರ, ಎಲೆ ಉದುರಿಸಿ ತಿಂಗಳುಗಟ್ಟಲೆ ಮಲಗುತ್ತೆ. ಆಗ ಎಲೆ ಇಲ್ಲ, ಅಂದ್ರೆ ಸಂಪಾದನೆ ಇಲ್ಲ. ಕೂಡಿಟ್ಟ ಪಿಷ್ಟ, ಸಕ್ಕರೆ ಮೇಲೇ ಜೀವನ. ವಸಂತದಲ್ಲಿ ಚಿಗುರೊಡೆಯೋಕೂ ಅದೇ ಬೇಕು. ಪುಟ್ಟ ಕಡ್ಡಿ ತನ್ನ ಉಳಿತಾಯವನ್ನೆಲ್ಲ ಬೇರಿಗೆ ಖರ್ಚು ಮಾಡಿರುತ್ತೆ. (ಬಿಕಾಂ ಓದಿದವನ ಬಾಯಲ್ಲಿ ಇನ್ನೇನು ಹೋಲಿಕೆ ಬರುತ್ತೆ ಹೇಳಿ!) ಅಂಥ ಹೊತ್ತಲ್ಲಿ ಕಿತ್ತು ಬೇರೆ ಕಡೆ ನೆಟ್ರೆ ಎಳೆ ಬೇರೂ ಮುರಿಯುತ್ತೆ, ತುಂಬಿಕೊಳ್ಳೋಕೆ ಟೈಮೂ ಇರಲ್ಲ.

ಹಾಗಾಗಿ ಈ ಸಲ ಜೂನ್‌ನಲ್ಲೇ ಶುರು ಮಾಡಿ. ಮಾಲೀಕರನ್ನ ಒಂದು ಮಾತು ಕೇಳಿ. ಆ ವರ್ಷದ ಹೊಸ ಚಿಗುರನ್ನೇ ತಗೊಳ್ಳಿ, ಬುಡ ಸ್ವಲ್ಪ ಗಟ್ಟಿಯಾಗ್ತಿರಬೇಕು. ಹಳೇ ಮರದ ಮೇಲ್ತುದಿಯ ಕೊಂಬೆಗಿಂತ ಬುಡದ ಹತ್ತಿರ ಹೊಸದಾಗಿ ಚಿಗುರಿದ್ದು ಸಿಕ್ಕಿದ್ರೆ ಒಳ್ಳೇದು, ಎಳೇ ಭಾಗ ಬೇಗ ಬೇರು ಬಿಡುತ್ತೆ. ಬೆಳಿಗ್ಗೆ, 10 ರಿಂದ 15 ಸೆಂಟಿಮೀಟರ್ ಉದ್ದಕ್ಕೆ, ಗೆಣ್ಣಿನ ಕೆಳಗೇ ಕತ್ತರಿಸಿ. ಮೇಲೆ ಎರಡು ಮೂರು ಎಲೆ ಸಾಕು. ಬುಡಕ್ಕೆ ಬೇರು ಬರಿಸೋ ಹಾರ್ಮೋನ್ ಪುಡಿ ಮುಟ್ಟಿಸಿ, ಪರ್ಲೈಟ್ ಮತ್ತು ಕೋಕೋಪೀಟ್ ಬೆರೆಸಿದ ಆಳವಾದ ಟ್ರೇಗೆ ದೂರ ದೂರ ನೆಡಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕವರ್. ನೇರ ಬಿಸಿಲು ಬೇಡ, ಕವರ್ ಒಳಗೆ ಬೆಂದುಹೋಗುತ್ತೆ. ಎಲೆ ಹಸಿರಾಗಿದೆ ಅಂತ ಎಳೆದು ನೋಡ್ಬೇಡಿ. ಬೇರಿಲ್ಲದೆಯೂ ಕೆಲವು ವಾರ ಹಸಿರಾಗೇ ಇರುತ್ತೆ.

ಒಂದೆರಡು ತಿಂಗಳಲ್ಲಿ ಬೇರು ಬಂದ್ರೆ ಕವರ್ ನಿಧಾನಕ್ಕೆ ತೆಗೀರಿ. ಅಷ್ಟೇ, ಬೇರೆ ಕುಂಡದ ಯೋಚನೆ ಬೇಡ. ಅಕ್ಟೋಬರ್‌ನಲ್ಲಿ ಇಡೀ ಟ್ರೇಯನ್ನೇ ಕಾರಲ್ಲಿಟ್ಟು ಹೊರಡಿ. ಹೊಸ ಮನೆಯಲ್ಲಿ ಹಿಮ ಬೀಳದ, ಆದರೆ ತಣ್ಣಗಿರೋ ಜಾಗ ಸಾಕು. ಹೀಟರ್ ಇರೋ ಹಾಲ್ ಬೇಡ. ವಸಂತದಲ್ಲಿ ಹೊಸ ಚಿಗುರು ಬೆಳೆಯೋದು ಕಂಡ ಮೇಲೆ ಬೇರ್ಪಡಿಸಿ.

ಇನ್ನೊಂದು ಕೆಲಸ: ಬೇಸಿಗೆ ಮುಗಿಯುವಾಗ ಮರದ ಬೀಜವನ್ನೂ ಒಂದಿಷ್ಟು ಎತ್ತಿಡಿ. ಬೀಜದ ಗಿಡ ಅದೇ ಮರ ಆಗಲ್ಲ, ಅದರ ಮಗು ಆಗುತ್ತೆ. ಆದರೆ ಕಡ್ಡಿಗಿಂತ ಸುಲಭ.

ಬೆಂಗಳೂರಿನವರು ಆನ್‌ಲೈನ್‌ನಲ್ಲಿ ಬರ್ಚ್ ಹುಡುಕ್ತಿದ್ರೆ ದುಡ್ಡು ಉಳಿಸಿ. ನಮ್ಮ ಭೂರ್ಜಪತ್ರದ ಮರವೂ ಬರ್ಚೇ, ಅದು ಇರೋದು ಹಿಮಾಲಯದ ಎತ್ತರದಲ್ಲಿ. ಇಲ್ಲಿ ಅದಕ್ಕೆ ಬೇಕಾದ ಚಳಿಗಾಲ ಇಲ್ಲ. ಬೋನ್ಸಾಯ್‌ಗೆ ಆಲ, ಬಸರಿ ಇದ್ದೇ ಇವೆ.

ಮ್ಯಾಂಚೆಸ್ಟರ್ ಸ್ನೇಹಿತರೇ, ಕಡ್ಡಿ ಬದುಕಿದ್ರೂ ಮೊದಲ ಕೆಲವು ವರ್ಷ ತೊಗಟೆ ಕಂದು ಬಣ್ಣದಲ್ಲೇ ಇರುತ್ತೆ. ಬೆಳ್ಳಗಾಗ್ಲಿಲ್ಲ ಅಂತ ಎಸೀಬೇಡಿ. ಕಾಂಡ ದಪ್ಪ ಆಗೋವರೆಗೂ ದೊಡ್ಡ ಕುಂಡದಲ್ಲೇ ಬೆಳೀಲಿ, ವೈರ್ ಸುತ್ತೋದು ಆಮೇಲೆ.